ಬೀಳುವ ಕಲ್ಲಿನಲ್ಲಿ ಬಲ ಎಷ್ಟಿದೆ?

“ಒಂದು ಕೆ.ಜಿ. ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದರೆ ಎಷ್ಟು ಬಲದಿಂದ ಬೀಳುತ್ತದೆ?” ಭೌತಶಾಸ್ತ್ರ ಕಲಿಸುವವರಿಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಕೇಳುವವರು ಯೋಚಿಸಿಯೇ ಕೇಳಿರುತ್ತಾರೆ. ಎತ್ತರ ಹೆಚ್ಚಿದಷ್ಟೂ ಪೆಟ್ಟು ಜೋರು ಎನ್ನುವುದು ಎಲ್ಲರ ಅನುಭವ, ಅಂದಮೇಲೆ ಅದಕ್ಕೊಂದು ಸೂತ್ರ ಇರಲೇಬೇಕು ಎಂದುಕೊಳ್ಳುವುದೂ ಸಹಜ. ಆದರೆ ಕಲ್ಲು ಯಾವುದರ ಮೇಲೆ ಬೀಳುತ್ತದೆ ಎಂದು ಹೇಳದ ಹೊರತು ಈ ಪ್ರಶ್ನೆಗೆ ಉತ್ತರವೇ ಇಲ್ಲ. ನೆಲ ಮುಟ್ಟುವ ಹೊತ್ತಿಗೆ ಕಲ್ಲಿನ ವೇಗ ಸೆಕೆಂಡಿಗೆ 4.43 ಮೀಟರ್, ಚಲನ ಶಕ್ತಿ 9.8 ಜೌಲ್. ಇಷ್ಟನ್ನು ಖಚಿತವಾಗಿ ಹೇಳಬಹುದು. ಗಟ್ಟಿ ಕಾಂಕ್ರೀಟಿನ ಮೇಲೆ ಬಿದ್ದು ಒಂದೇ ಮಿಲಿಮೀಟರಿನಲ್ಲಿ ನಿಂತರೆ ಸರಾಸರಿ ಬಲ ಸುಮಾರು 9800 ನ್ಯೂಟನ್, ಅಂದರೆ ಒಂದು ಟನ್ ತೂಕದಷ್ಟು. ಸಡಿಲ ಮರಳಿನಲ್ಲಿ 5 ಸೆಂ.ಮೀ. ಹೂತು ನಿಂತರೆ ಸುಮಾರು 200 ನ್ಯೂಟನ್. ದಪ್ಪ ಸ್ಪಂಜಿನಲ್ಲಿ 20 ಸೆಂ.ಮೀ. ಇಳಿದು ನಿಂತರೆ 60 ನ್ಯೂಟನ್ ಕೂಡ ಇಲ್ಲ. ಕಲ್ಲು ಅದೇ, ಎತ್ತರ ಅದೇ, ವೇಗವೂ ಅದೇ. ಬಲ ಮಾತ್ರ ನೂರೈವತ್ತು ಪಟ್ಟಿಗೂ ಮೀರಿ ಬದಲಾಯಿತು.

ಬೀಳುತ್ತಿರುವ ಕಲ್ಲಿನ ಬಳಿ ಸಂವೇಗವಿದೆ (ರಾಶಿ, ಅಂದರೆ ದ್ರವ್ಯರಾಶಿ, ಗುಣಿಸು ವೇಗ), ಚಲನ ಶಕ್ತಿಯಿದೆ. ಬಲ ಎನ್ನುವುದು ಅದರ ಬಳಿ ಇರುವ ವಸ್ತುವಲ್ಲ. ಎರಡು ಕಾಯಗಳ ನಡುವೆ ಕೊಡು-ಕೊಳ್ಳುವಿಕೆ ನಡೆಯುತ್ತಿರುವಾಗ ಮಾತ್ರ ಬಲ ಇರುತ್ತದೆ, ಆ ಕೊಡುಕೊಳ್ಳುವಿಕೆ ಎಷ್ಟು ರಭಸದ್ದು ಎನ್ನುವುದೇ ಅದರ ಅಳತೆ. ಇದೊಂದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತರೆ ಯಂತ್ರವಿಜ್ಞಾನದ ಅರ್ಧ ಗೊಂದಲ ತಾನೇ ಕರಗುತ್ತದೆ ಎಂಬುದು ನನ್ನ ನಂಬಿಕೆ. ಸೂತ್ರಗಳು ಬಾಯಿಪಾಠವಾಗಿಯೂ ಲೆಕ್ಕ ತಪ್ಪುವವರನ್ನು ಗಮನಿಸಿದರೆ, ಬಹುಪಾಲು ತಪ್ಪು ಹುಟ್ಟುವುದು ಇಲ್ಲೇ.

ಮೇಲಿನ ಅಂಕಿಗಳ ಬಗ್ಗೆ ಒಂದು ಎಚ್ಚರ. ಅವು ಸರಾಸರಿ ಬಲಗಳು. ತಾಗಿದ ಕ್ಷಣದಿಂದ ನಿಲ್ಲುವವರೆಗೆ ಬಲ ಏರಿ ಇಳಿಯುತ್ತದೆ, ಅದರ ತುದಿ ಸರಾಸರಿಯ ಇಮ್ಮಡಿಗೂ ಹೋಗಬಹುದು. ವಸ್ತು ಒಡೆಯುವುದು ಆ ತುದಿಯಲ್ಲಿ. ಇನ್ನೊಂದು, ನಿಲ್ಲಿಸುವ ದೂರ ಹೆಚ್ಚಿದ್ದಾಗ ಕಲ್ಲಿನ ತೂಕವನ್ನೂ ಲೆಕ್ಕಕ್ಕೆ ಸೇರಿಸಬೇಕು. ಕಾಂಕ್ರೀಟಿನ ಮೇಲೆ 9.8 ನ್ಯೂಟನ್ ಲೆಕ್ಕಕ್ಕೇ ಬರುವುದಿಲ್ಲ. ಸ್ಪಂಜಿನ ಮೇಲಾದರೆ ಒಟ್ಟು ಬಲದ ಆರನೇ ಒಂದು ಭಾಗ ಅದೇ.

ಸೆಕೆಂಡಿಗೆ ಇಷ್ಟು, ಮೀಟರಿಗೆ ಇಷ್ಟು

ಹತ್ತು ನ್ಯೂಟನ್ ಬಲ ಎಂದರೇನು? ಎರಡು ಉತ್ತರಗಳಿವೆ, ಎರಡೂ ಸರಿ. ಆ ಬಲ ಪ್ರತಿ ಸೆಕೆಂಡಿಗೆ ಹತ್ತು ಅಳತೆ ಸಂವೇಗವನ್ನು ಕಾಯಕ್ಕೆ ತುಂಬುತ್ತದೆ. ಅದೇ ಬಲ, ಕಾಯವು ಅದರ ದಿಕ್ಕಿನಲ್ಲಿ ಸರಿದ ಪ್ರತಿ ಮೀಟರಿಗೆ ಹತ್ತು ಜೌಲ್ ಶಕ್ತಿಯನ್ನೂ ತುಂಬುತ್ತದೆ. ಸಂವೇಗದ ಮಾನವನ್ನು ಕೆ.ಜಿ. ಮೀಟರ್ ಪ್ರತಿ ಸೆಕೆಂಡ್ ಎಂದು ಬರೆಯುವುದು ರೂಢಿ. ನ್ಯೂಟನ್-ಸೆಕೆಂಡ್ ಎಂದರೂ ಅದೇ, ಮತ್ತು ಹಾಗೆ ಬರೆದಾಗ ಅರ್ಥ ಕಣ್ಣಿಗೆ ಬೀಳುತ್ತದೆ. ಜೌಲ್ ಎಂದರೆ ನ್ಯೂಟನ್-ಮೀಟರ್. ಒಂದೇ ಬಲವನ್ನು ಸಮಯದೊಂದಿಗೆ ಕೂಡಿಸುತ್ತಾ ಹೋದರೆ ಸಂವೇಗ, ದೂರದೊಂದಿಗೆ ಕೂಡಿಸುತ್ತಾ ಹೋದರೆ ಶಕ್ತಿ. ಒಂದೇ ವ್ಯವಹಾರವನ್ನು ಎರಡು ಖಾತೆಗಳಲ್ಲಿ ಬರೆದಿಟ್ಟ ಹಾಗೆ.

ಎರಡು ಖಾತೆ ಬೇಕೇ, ಒಂದೇ ಸಾಲದೇ? ಘರ್ಷಣೆಯಿಲ್ಲದ ಹಳಿಯ ಮೇಲೆ ಎರಡು ಗಾಡಿಗಳಿವೆ ಎನ್ನಿ, ಒಂದು 1 ಕೆ.ಜಿ., ಇನ್ನೊಂದು 100 ಕೆ.ಜಿ. ಎರಡನ್ನೂ 10 ನ್ಯೂಟನ್ ಬಲದಿಂದ 2 ಸೆಕೆಂಡ್ ತಳ್ಳಿದರೆ ಎರಡಕ್ಕೂ ಸಿಗುವ ಸಂವೇಗ 20 ನ್ಯೂಟನ್-ಸೆಕೆಂಡ್. ಹಗುರ ಗಾಡಿ ಸೆಕೆಂಡಿಗೆ 20 ಮೀಟರ್ ವೇಗ ಪಡೆಯುತ್ತದೆ, ಭಾರದ್ದು 20 ಸೆಂ.ಮೀ. ಮಾತ್ರ. ಶಕ್ತಿ ನೋಡಿದರೆ ಹಗುರ ಗಾಡಿಗೆ 200 ಜೌಲ್, ಭಾರದ್ದಕ್ಕೆ 2 ಜೌಲ್. ಕಾರಣ ಸರಳ: ಆ ಎರಡು ಸೆಕೆಂಡಿನಲ್ಲಿ ಹಗುರ ಗಾಡಿ 20 ಮೀಟರ್ ಓಡಿದೆ, ತಳ್ಳುವ ಕೈ ಅದರ ಹಿಂದೆ ಅಷ್ಟೂ ದೂರ ಓಡಬೇಕಾಗಿದೆ. ಭಾರದ ಗಾಡಿ ಸರಿದದ್ದು 20 ಸೆಂ.ಮೀ. ಈಗ ಸಮಯ ಬಿಟ್ಟು ದೂರ ಹಿಡಿಯೋಣ. ಎರಡನ್ನೂ ಅದೇ ಬಲದಿಂದ 2 ಮೀಟರ್ ತಳ್ಳಿದರೆ ಎರಡಕ್ಕೂ 20 ಜೌಲ್ ಬರುತ್ತದೆ. ಸಂವೇಗ ಮಾತ್ರ ಹಗುರದ್ದಕ್ಕೆ 6.3, ಭಾರದ್ದಕ್ಕೆ 63, ಏಕೆಂದರೆ ಭಾರದ ಗಾಡಿ ಆ 2 ಮೀಟರ್ ದಾಟಲು ಹತ್ತು ಪಟ್ಟು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ.

ಬ್ರೇಕ್ ಹಾಕುವಾಗ ಈ ವ್ಯತ್ಯಾಸ ಜೀವ ಉಳಿಸುವ ಮಾತಾಗುತ್ತದೆ. 1000 ಕೆ.ಜಿ. ಕಾರು ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿದೆ. ಒಣ ರಸ್ತೆಯಲ್ಲಿ ಟೈರುಗಳು 7000 ನ್ಯೂಟನ್ ಹಿಡಿತ ಕೊಡುತ್ತವೆ ಎಂದಿಟ್ಟುಕೊಳ್ಳಿ. ಸಂವೇಗ 20,000, ಅದನ್ನು 7000ದಿಂದ ಭಾಗಿಸಿದರೆ ನಿಲ್ಲಲು 2.9 ಸೆಕೆಂಡ್. ಶಕ್ತಿ 2,00,000 ಜೌಲ್, ಅದನ್ನು 7000ದಿಂದ ಭಾಗಿಸಿದರೆ 28.6 ಮೀಟರ್. ವೇಗ ಇಮ್ಮಡಿಯಾದರೆ ಸಂವೇಗ ಇಮ್ಮಡಿ, ಸಮಯವೂ ಇಮ್ಮಡಿ, 5.7 ಸೆಕೆಂಡ್. ಆದರೆ ಶಕ್ತಿ ನಾಲ್ಕು ಪಟ್ಟು, ಹಾಗಾಗಿ ದೂರ 114 ಮೀಟರ್. ಚಾಲಕನಿಗೆ “ಎರಡರಷ್ಟು ಹೊತ್ತು ಬ್ರೇಕ್ ಒತ್ತಿದರಾಯಿತು” ಎನಿಸುತ್ತದೆ. ಎದುರಿಗಿರುವ ಅಡ್ಡಿಗೆ ಲೆಕ್ಕವಾಗುವುದು ಹೊತ್ತಲ್ಲ, ದೂರ. ಬ್ರೇಕ್ ಮೇಲೆ ಕಾಲಿಡುವ ಮುನ್ನ ಕಳೆಯುವ ಒಂದು ಸೆಕೆಂಡಿನ ದೂರವನ್ನು, 20 ಅಥವಾ 40 ಮೀಟರನ್ನು, ಇದಕ್ಕೆ ಬೇರೆಯಾಗಿಯೇ ಸೇರಿಸಬೇಕು.

ದಿಕ್ಕಿನ ಮಾತು ಒಂದಿದೆ. ಸಂವೇಗಕ್ಕೆ ದಿಕ್ಕಿದೆ, ಶಕ್ತಿಗೆ ಇಲ್ಲ. ಒಂದೇ ರಾಶಿಯ, ಒಂದೇ ವೇಗದ ಎರಡು ಚೆಂಡುಗಳನ್ನು ನಿಂತಿರುವ ಮರದ ತುಂಡಿಗೆ ಎಸೆಯಿರಿ, ಒಂದು ಜೇಡಿಮಣ್ಣಿನದು, ಇನ್ನೊಂದು ಪುಟಿಯುವ ರಬ್ಬರಿನದು. ಮಣ್ಣಿನದು ಅಂಟಿಕೊಳ್ಳುತ್ತದೆ, ತುಂಡು ಅಲುಗಾಡಿ ನಿಲ್ಲಬಹುದು. ರಬ್ಬರಿನದು ಹಿಂದಕ್ಕೆ ಪುಟಿಯುತ್ತದೆ, ತುಂಡು ಉರುಳುತ್ತದೆ. ಪುಟಿದ ಚೆಂಡು ತನ್ನ ಶಕ್ತಿಯನ್ನು ಬಹುಪಾಲು ತಾನೇ ಹೊತ್ತೊಯ್ದಿದೆ, ಆದರೂ ತುಂಡಿಗೆ ಕೊಟ್ಟ ಸಂವೇಗ ಹೆಚ್ಚುಕಡಿಮೆ ಇಮ್ಮಡಿ. ಮುಂದಕ್ಕೆ ಇದ್ದದ್ದು ಸೊನ್ನೆಗೆ ಬಂದು, ಅಲ್ಲಿಂದ ಹಿಂದಕ್ಕೆ ಅಷ್ಟೇ ಆಗಬೇಕಾದರೆ ತುಂಡು ಎರಡು ಪಾಲು ಹೀರಲೇಬೇಕು.

ಲೈಡನ್ನಿನ ಜೇಡಿಮಣ್ಣು

ಈ ಎರಡು ಖಾತೆಗಳ ವಿಷಯ ಹೊಳೆಯಲು ಯೂರೋಪಿನ ಅತಿ ಚುರುಕು ಬುದ್ಧಿಯವರಿಗೂ ನೂರು ವರ್ಷ ಹಿಡಿಯಿತು. 1644ರಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಜಗತ್ತಿನಲ್ಲಿ ಚಲನೆಯ ಒಟ್ಟು ಮೊತ್ತ ಬದಲಾಗದು ಎಂದ. ಆ ಮೊತ್ತವನ್ನು ಅವನು ಅಳೆದದ್ದು ಗಾತ್ರವನ್ನು ವೇಗದಿಂದ ಗುಣಿಸಿ, ದಿಕ್ಕನ್ನು ಬಿಟ್ಟು. ದಿಕ್ಕು ಬಿಟ್ಟದ್ದರಿಂದ ಡಿಕ್ಕಿಯ ಬಗ್ಗೆ ಅವನು ಕೊಟ್ಟ ನಿಯಮಗಳಲ್ಲಿ ಹೆಚ್ಚಿನವು ತಪ್ಪಾದವು. ಡಚ್ ವಿಜ್ಞಾನಿ ಹೈಗೆನ್ಸ್ ಅವನ್ನು ಸರಿಪಡಿಸಿದ. 1686ರಲ್ಲಿ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ ಇನ್ನೊಂದು ಕಡೆಯಿಂದ ಆಕ್ಷೇಪ ಎತ್ತಿದ: ಒಂದು ತೂಕವನ್ನು ನಾಲ್ಕು ಅಳತೆ ಎತ್ತರಕ್ಕೆ ಏರಿಸುವುದೂ ನಾಲ್ಕು ತೂಕವನ್ನು ಒಂದು ಅಳತೆ ಏರಿಸುವುದೂ ಒಂದೇ ಶ್ರಮ. ಹಾಗಿದ್ದರೆ ಅವು ಬಿದ್ದಾಗ ಇರುವ ಬಿರುಸೂ ಒಂದೇ ಆಗಬೇಕು. ರಾಶಿಯನ್ನು ವೇಗದಿಂದ ಗುಣಿಸಿದರೆ ಎರಡೂ ಒಂದೇ ಬರುವುದಿಲ್ಲ, ವೇಗದ ವರ್ಗದಿಂದ ಗುಣಿಸಿದರೆ ಬರುತ್ತದೆ. ಮರುವರ್ಷ, 1687ರಲ್ಲಿ, ನ್ಯೂಟನ್ ತನ್ನ ಎರಡನೇ ನಿಯಮವನ್ನು ಸಂವೇಗದ ಬದಲಾವಣೆಯ ಮೇಲೆ ನಿಲ್ಲಿಸಿದ. ಎರಡು ಪಕ್ಷಗಳಾದವು.

1722ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಡಚ್ ವಿಜ್ಞಾನಿ ಸ್ಗ್ರಾವೆಸಾಂಡೆ ಮಾಡಿದ ಪ್ರಯೋಗ ನನಗೆ ಬಹಳ ಪ್ರಿಯ, ಅದರಲ್ಲಿ ಅಡಗಿರುವುದು ಅಷ್ಟಿದೆ. ಹಿತ್ತಾಳೆಯ ಚೆಂಡುಗಳು, ಗಾತ್ರ ಒಂದೇ, ರಾಶಿ ಬೇರೆ ಬೇರೆ. ಕೆಳಗೆ ಮೆತ್ತನೆಯ ಜೇಡಿಮಣ್ಣು. ಮೂರು ಪಟ್ಟು ಭಾರದ ಚೆಂಡನ್ನು ಮೂರನೇ ಒಂದು ಎತ್ತರದಿಂದ ಬಿಟ್ಟರೆ ಎರಡೂ ಒಂದೇ ಅಳತೆಯ ಗುಳಿ ಮಾಡಿದವು. ಅಲ್ಲಿಯವರೆಗೆ ನ್ಯೂಟನ್ ಪಕ್ಷದವನಾಗಿದ್ದ ಸ್ಗ್ರಾವೆಸಾಂಡೆ ಗುಳಿಗಳನ್ನು ನೋಡಿ ಲೈಬ್ನಿಟ್ಸನ ಕಡೆ ವಾಲಿದ. 1740ರಲ್ಲಿ ಫ್ರೆಂಚ್ ವಿದುಷಿ ಎಮಿಲಿ ದು ಶಾತ್ಲೆ ತಮ್ಮ ಪುಸ್ತಕದಲ್ಲಿ ವೇಗದ ವರ್ಗದ ಪರವಾಗಿ ಗಟ್ಟಿಯಾಗಿ ವಾದಿಸಿದರು.

ಆ ಮಣ್ಣಿನೊಳಗೆ ಏನಾಗುತ್ತದೆ ಎಂಬುದನ್ನು ಇಂದಿನ ಅಳತೆಯಲ್ಲಿ ನೋಡೋಣ. 1 ಕೆ.ಜಿ. ಚೆಂಡು 3 ಮೀಟರಿನಿಂದ ಬಿದ್ದಾಗ ವೇಗ 7.67, ಸಂವೇಗ 7.67, ಶಕ್ತಿ 29.4 ಜೌಲ್. 3 ಕೆ.ಜಿ. ಚೆಂಡು 1 ಮೀಟರಿನಿಂದ ಬಿದ್ದಾಗ ವೇಗ 4.43, ಸಂವೇಗ 13.3, ಶಕ್ತಿ ಅದೇ 29.4. ಮಣ್ಣು ಎರಡನ್ನೂ 4 ಸೆಂ.ಮೀ. ಆಳದಲ್ಲಿ ನಿಲ್ಲಿಸುತ್ತದೆ, ತಡೆಯುವ ಬಲ ಒಂದೇ ಸಮ ಎಂದುಕೊಂಡರೆ ಅದು, ಚೆಂಡಿನ ತೂಕ ಕಳೆದು, ಸುಮಾರು 735 ನ್ಯೂಟನ್. ಗುಳಿ ಅಳೆಯುವವನಿಗೆ ಎರಡರಲ್ಲೂ ವ್ಯತ್ಯಾಸ ಕಾಣದು. ಆದರೆ ನಿಲ್ಲಲು ಹಿಡಿದ ಸಮಯ ಅಳೆಯುವ ಸಾಧನ ಅವನ ಬಳಿ ಇದ್ದಿದ್ದರೆ? ಹಗುರ ಚೆಂಡು 0.0104 ಸೆಕೆಂಡಿನಲ್ಲಿ ನಿಲ್ಲುತ್ತದೆ, ಭಾರದ್ದು 0.0181 ಸೆಕೆಂಡಿನಲ್ಲಿ. ಇವನ್ನು 735ರಿಂದ ಗುಣಿಸಿ ನೋಡಿ: 7.67 ಮತ್ತು 13.3, ಸರಿಯಾಗಿ ಅವುಗಳ ಸಂವೇಗ. ಒಂದೇ ಗುಳಿಯಲ್ಲಿ ಎರಡೂ ಪಕ್ಷದ ಸತ್ಯ ಇತ್ತು. ಮಣ್ಣು ದೂರವನ್ನು ಮಾತ್ರ ಅಚ್ಚೊತ್ತಿ ಇಟ್ಟುಕೊಳ್ಳುತ್ತದೆ, ಸಮಯವನ್ನು ಉಳಿಸಿಕೊಳ್ಳುವುದಿಲ್ಲ. 1743ರಲ್ಲಿ ಫ್ರೆಂಚ್ ಗಣಿತಜ್ಞ ಡಾಲಂಬೇರ್ ಎರಡು ಅಳತೆಗಳಿಗೂ ಅವುಗಳದ್ದೇ ಜಾಗವಿದೆ ಎಂದು ತೋರಿಸಿದ. ಚಲನ ಶಕ್ತಿಯ ಸೂತ್ರದಲ್ಲಿನ (ಅರ್ಧ ಗುಣಿಸು ರಾಶಿ ಗುಣಿಸು ವೇಗದ ವರ್ಗ) ಆ ಅರ್ಧ ಬಂದದ್ದು ಇನ್ನೂ ತಡವಾಗಿ, 1829ರಲ್ಲಿ ಫ್ರೆಂಚ್ ವಿಜ್ಞಾನಿ ಕೊರಿಯೊಲಿ ಕೆಲಸವನ್ನು ಬಲ ಗುಣಿಸು ದೂರ ಎಂದು ಹೆಸರಿಟ್ಟು ಅಳೆದಾಗ.

ನೆಲ ಏನು ಕೊಡುತ್ತದೆ, ಸ್ನಾಯು ಏನು ಕೊಡುತ್ತದೆ

ಈಗ ನಿಜಕ್ಕೂ ಕಷ್ಟದ ಜಾಗ. 60 ಕೆ.ಜಿ. ವ್ಯಕ್ತಿ ಮಂಡಿ ಬಗ್ಗಿಸಿ ಮೇಲಕ್ಕೆ ನೆಗೆಯುತ್ತಾನೆ. ದೇಹ 40 ಸೆಂ.ಮೀ. ಏರುವಷ್ಟರಲ್ಲಿ ವೇಗ ಸೆಕೆಂಡಿಗೆ 2.5 ಮೀಟರ್ ತಲುಪಿ ಪಾದ ನೆಲ ಬಿಡುತ್ತದೆ. ಇದಕ್ಕೆ ಹಿಡಿಯುವುದು ಸುಮಾರು 0.32 ಸೆಕೆಂಡ್. ಆ ಹೊತ್ತಿನಲ್ಲಿ ನೆಲ ಸರಾಸರಿ 1050 ನ್ಯೂಟನ್ನಿನಷ್ಟು ಮೇಲಕ್ಕೆ ತಳ್ಳುತ್ತದೆ. ತೂಕದ 588 ಕಳೆದರೆ ಉಳಿಯುವುದು ಸುಮಾರು 470, ಅದನ್ನು 0.32ರಿಂದ ಗುಣಿಸಿದರೆ 150. ದೇಹಕ್ಕೆ ಬಂದ ಸಂವೇಗ ಸರಿಯಾಗಿ ಅಷ್ಟೇ. ಮೇಲ್ಮುಖದ ಸಂವೇಗವೆಲ್ಲ ನೆಲದಿಂದ ಬಂತು. ಶಕ್ತಿ? ನೆಲ ಒಂದು ಜೌಲ್ ಕೂಡ ಕೊಟ್ಟಿಲ್ಲ. ನೆಲದ ಬಲ ಬೀಳುವುದು ಪಾದದ ಮೇಲೆ, ಪಾದ ಅಷ್ಟೂ ಹೊತ್ತು ಇದ್ದಲ್ಲೇ ಇತ್ತು. ದೂರ ಸೊನ್ನೆ, ಕೆಲಸವೂ ಸೊನ್ನೆ. ಚಲನೆಯ 188 ಜೌಲ್, ದೇಹ ಎತ್ತಲು ಬೇಕಾದ 235 ಜೌಲ್, ಎರಡೂ ಸ್ನಾಯುಗಳಿಂದಲೇ ಬಂದವು.

ಕಾರಿಗೂ ಇದೇ. ಕಾರನ್ನು ಮುಂದಕ್ಕೆ ತಳ್ಳುವ ಹೊರಗಿನ ಬಲ ರಸ್ತೆಯದು, ಟೈರಿನ ಮೇಲಿನ ಘರ್ಷಣೆ. ಇಂಜಿನ್ ಕಾರಿನೊಳಗೇ ಇದೆ, ಅದು ಕಾರಿನ ಒಟ್ಟು ಸಂವೇಗವನ್ನು ತಾನಾಗಿ ಬದಲಿಸಲಾರದು. ಸಂವೇಗ ರಸ್ತೆಯಿಂದ, ಶಕ್ತಿ ಇಂಧನದಿಂದ. ಮಂಜುಗಡ್ಡೆಯ ಮೇಲೆ ಚಕ್ರ ಗಿರಗಿರನೆ ತಿರುಗುತ್ತಾ ಕಾರು ನಿಂತಲ್ಲೇ ನಿಂತಾಗ ಶಕ್ತಿಗೆ ಕೊರತೆಯಿಲ್ಲ, ಸಂವೇಗ ಕೊಡುವವರಿಲ್ಲ. ಆಗ ಇನ್ನಷ್ಟು ಆಕ್ಸಿಲರೇಟರ್ ಒತ್ತಿದರೆ ಟೈರು, ಮಂಜು ಬಿಸಿಯಾಗುತ್ತವೆ ಅಷ್ಟೇ. ಬ್ರೇಕ್ ಹಾಕಿದಾಗ ಸಂವೇಗ ರಸ್ತೆಯ ಮೂಲಕ ಭೂಮಿಗೆ ಹೋಗುತ್ತದೆ, ಶಕ್ತಿ ಬಹುಪಾಲು ಬ್ರೇಕಿನ ಡಿಸ್ಕುಗಳಿಗೆ. ಎರಡು ಖಾತೆಗಳ ಹಣ ಎರಡು ಬೇರೆ ಕಡೆ ಜಮೆಯಾಯಿತು.

ನ್ಯೂಟನ್ನನ ಮೂರನೇ ನಿಯಮವನ್ನೂ ಹೀಗೇ ಓದಬೇಕು. ಎರಡು ಕಾಯಗಳು ಪರಸ್ಪರ ತಳ್ಳುವಾಗ ಬಲ ಸಮ, ತಳ್ಳುವ ಸಮಯವೂ ಎರಡಕ್ಕೂ ಒಂದೇ. ಹಾಗಾಗಿ ಒಂದು ಗಳಿಸಿದ ಸಂವೇಗ ಇನ್ನೊಂದು ಕಳೆದುಕೊಂಡದ್ದಕ್ಕೆ ಸಮ. ಆದರೆ ಆ ಸಮಯದಲ್ಲಿ ಎರಡೂ ಒಂದೇ ದೂರ ಸರಿಯಬೇಕೆಂದಿಲ್ಲ, ಆದ್ದರಿಂದ ಶಕ್ತಿ ಸಮಪಾಲಾಗುವುದಿಲ್ಲ. 4 ಕೆ.ಜಿ. ಬಂದೂಕಿನಿಂದ 10 ಗ್ರಾಂ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟರೆ ಎರಡರ ಸಂವೇಗವೂ 8. ಮದ್ದಿನ ಅನಿಲದ ಪಾಲನ್ನು ಬಿಟ್ಟು ನೋಡಿದರೆ ಬಂದೂಕು ಹಿಮ್ಮೆಟ್ಟುವ ವೇಗ ಸೆಕೆಂಡಿಗೆ 2 ಮೀಟರ್. ಶಕ್ತಿ ಗುಂಡಿಗೆ 3200 ಜೌಲ್, ಬಂದೂಕಿಗೆ 8. ಭುಜ ಉಳಿಯುವುದು ಈ ಅಸಮ ಹಂಚಿಕೆಯಿಂದ. ಸಂವೇಗ ಸಮವಿದ್ದಾಗ ಶಕ್ತಿ ಹಗುರದ್ದರ ಕಡೆ ಹೋಗುತ್ತದೆ. ನೆಗೆಯುವವನ 150 ಅಳತೆ ಸಂವೇಗವನ್ನು ಭೂಮಿ ಪೂರ್ತಿ ಹೀರಿಕೊಂಡೂ ಅದರೊಂದಿಗೆ ಲೆಕ್ಕಕ್ಕೆ ಸಿಗುವಷ್ಟು ಶಕ್ತಿ ಪಡೆಯದಿರುವುದು ಇದೇ ಕಾರಣಕ್ಕೆ.

ತೂಕ ಹಿಡಿದು ಸುಮ್ಮನೆ ನಿಂತರೂ ಕೈ ಸೋಲುತ್ತದಲ್ಲ, ಕೆಲಸ ಸೊನ್ನೆ ಹೇಗೆ ಎಂದು ಕೇಳುವವರಿದ್ದಾರೆ. ಅದೇ ತೂಕವನ್ನು ಮೇಜು ವರ್ಷಗಟ್ಟಲೆ ಹೊತ್ತಿರುತ್ತದೆ, ಏನೂ ಖರ್ಚಿಲ್ಲದೆ. ಸ್ನಾಯುವಿನ ನಾರುಗಳು ಬಿಗಿಯಾಗಿರಲು ಒಳಗೆ ಹಿಡಿದು-ಬಿಟ್ಟು-ಹಿಡಿಯುತ್ತಲೇ ಇರಬೇಕು, ಪ್ರತಿ ಸುತ್ತಿಗೂ ರಾಸಾಯನಿಕ ಶಕ್ತಿ ಖರ್ಚಾಗಿ ಶಾಖವಾಗುತ್ತದೆ. ಆ ಖರ್ಚು ಸ್ನಾಯುವಿನ ರಚನೆಯದು, ತೂಕಕ್ಕೆ ಸೇರಿದ್ದಲ್ಲ.

ಓಡುವ ರೈಲಿನಲ್ಲಿ ಎಸೆದ ಚೆಂಡು

ಶಕ್ತಿಗೆ ಇನ್ನೊಂದು ವಿಚಿತ್ರ ಗುಣವಿದೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಒಂದೇ ಸಮ ಓಡುವ ರೈಲಿನೊಳಗೆ ಒಬ್ಬ 1 ಕೆ.ಜಿ. ಚೆಂಡನ್ನು ಮುಂದಕ್ಕೆ, ತನಗೆ ಸೆಕೆಂಡಿಗೆ 10 ಮೀಟರ್ ವೇಗ ಕಾಣುವಂತೆ ಎಸೆಯುತ್ತಾನೆ. ಅವನ ಲೆಕ್ಕದಲ್ಲಿ ಚೆಂಡಿನ ಶಕ್ತಿ ಸೊನ್ನೆಯಿಂದ 50 ಜೌಲಿಗೆ ಏರಿತು. ಹಳಿಯ ಪಕ್ಕದಲ್ಲಿ ನಿಂತವಳ ಲೆಕ್ಕದಲ್ಲಿ ಚೆಂಡಿನ ವೇಗ 20ರಿಂದ 30ಕ್ಕೆ ಏರಿತು, ಶಕ್ತಿ 200ರಿಂದ 450ಕ್ಕೆ, ಅಂದರೆ 250 ಜೌಲ್ ಹೆಚ್ಚಳ. ಎಸೆದ ತೋಳಿನ ಸ್ನಾಯು ಖರ್ಚು ಮಾಡಿದ್ದು 50. ಉಳಿದ 200 ಎಲ್ಲಿಂದ ಬಂತು?

ಇಲ್ಲಿ ಹಲವರು ಚೆಂಡಿನ ಮೇಲೇ ಕಣ್ಣಿಟ್ಟು ದಾರಿ ತಪ್ಪುತ್ತಾರೆ. ನೋಡಬೇಕಾದ್ದು ಎಸೆದವನ ಪಾದ. ಚೆಂಡಿಗೆ 10 ಅಳತೆ ಮುಮ್ಮುಖ ಸಂವೇಗ ಕೊಡುವಾಗ ಅವನ ಪಾದ ಬೋಗಿಯ ನೆಲವನ್ನು ಹಿಂದಕ್ಕೆ ತಳ್ಳಿತು, ರೈಲು 10 ಅಳತೆ ಸಂವೇಗ ಕಳೆದುಕೊಂಡಿತು. ರೈಲು ಎಷ್ಟು ಭಾರವೆಂದರೆ ಅದರ ವೇಗ ಕುಗ್ಗಿದ್ದು ಕಾಣುವುದೇ ಇಲ್ಲ. ಆದರೆ 20 ಮೀಟರ್ ವೇಗದಲ್ಲಿ ಹೋಗುತ್ತಿರುವ ಭಾರದ ಕಾಯ 10 ಅಳತೆ ಸಂವೇಗ ಕಳೆದುಕೊಂಡರೆ ಅದರ ಶಕ್ತಿ 10 ಗುಣಿಸು 20, ಅಂದರೆ 200 ಜೌಲ್ ಇಳಿಯುತ್ತದೆ. ಲೆಕ್ಕ ತಾಳೆಯಾಯಿತು: ತೋಳಿನಿಂದ 50, ರೈಲಿನಿಂದ 200. ಸಂವೇಗದ ಬದಲಾವಣೆ 10 ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಕಾಲ ಇಬ್ಬರಿಗೂ ಒಂದೇ, ದೂರ ಇಬ್ಬರಿಗೂ ಬೇರೆ. ಹಾಗಾಗಿ ಎಷ್ಟು ಶಕ್ತಿ ಕೈ ಬದಲಾಯಿತು ಎಂಬುದರಲ್ಲಿ ಇಬ್ಬರ ಅಂಕಿ ಬೇರೆ, ಒಟ್ಟು ಶಕ್ತಿ ಬದಲಾಗದೆ ಉಳಿಯುತ್ತದೆ ಎಂಬುದರಲ್ಲಿ ಇಬ್ಬರದೂ ಒಂದೇ ಮಾತು.

ರಾಕೆಟ್ ಉಡಾವಣೆಯವರಿಗೆ ಇದು ಅನ್ನದ ಮಾತು. ಸೆಕೆಂಡಿಗೆ 1000 ಮೀಟರ್ ವೇಗದಲ್ಲಿರುವಾಗ ಇನ್ನೊಂದು 1000 ಸೇರಿಸಿದರೆ ಪ್ರತಿ ಕೆ.ಜಿ.ಗೆ 15 ಲಕ್ಷ ಜೌಲ್ ಹೆಚ್ಚುತ್ತದೆ. 10,000 ಮೀಟರ್ ವೇಗದಲ್ಲಿರುವಾಗ ಅಷ್ಟೇ ಸೇರಿಸಿದರೆ 105 ಲಕ್ಷ. ಹೆಚ್ಚುವರಿ ಶಕ್ತಿ ಇಂಧನದ್ದೇ, ವೇಗವಾಗಿ ಓಡುತ್ತಿದ್ದ ಇಂಧನಕ್ಕೆ ಆಗಲೇ ಇದ್ದ ಚಲನ ಶಕ್ತಿ ಅದು. ಆದ್ದರಿಂದಲೇ ಗ್ರಹವನ್ನು ಬಿಟ್ಟು ದೂರ ಹೋಗಬೇಕಾದ ನೌಕೆಯ ಇಂಜಿನನ್ನು, ಅದು ಗ್ರಹಕ್ಕೆ ಅತಿ ಹತ್ತಿರವಿದ್ದು ಅತಿ ವೇಗದಲ್ಲಿರುವಾಗ ಉರಿಸುತ್ತಾರೆ. ರಾಕೆಟ್ ವಿಜ್ಞಾನದ ಆದ್ಯರಲ್ಲೊಬ್ಬನಾದ ಹರ್ಮನ್ ಓಬರ್ತ್ 1920ರ ದಶಕದಲ್ಲೇ ಇದನ್ನು ಗುರುತಿಸಿದ್ದ.

ಶಕ್ತಿ ಅಡಗಬಲ್ಲದು, ಸಂವೇಗ ಅಡಗಲಾರದು

1742ರಲ್ಲಿ ಇಂಗ್ಲಿಷ್ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಗುಂಡಿನ ವೇಗ ಅಳೆಯಲು ತೂಗುಹಾಕಿದ ಭಾರಕ್ಕೆ ಗುಂಡು ಹೊಡೆದು, ಅದು ಎಷ್ಟು ಓಲಾಡುತ್ತದೆ ಎಂಬುದನ್ನು ಎಳೆದುಕೊಳ್ಳುವ ಪಟ್ಟಿಯೊಂದರಿಂದ ಅಳೆದ. ಈ ಸಾಧನದಲ್ಲಿ ಯಾವ ಖಾತೆಯನ್ನು ಎಲ್ಲಿ ತೆರೆಯಬೇಕು ಎಂಬುದೇ ಪರೀಕ್ಷೆ. 10 ಗ್ರಾಂ ಗುಂಡು 400 ಮೀಟರ್ ವೇಗದಲ್ಲಿ ಬಂದು ಮರದ ತುಂಡಿನಲ್ಲಿ ಹೂತು, ಎರಡೂ ಸೇರಿ 2 ಕೆ.ಜಿ. ಆದವು ಎನ್ನಿ. ಶಕ್ತಿ ಉಳಿಯುತ್ತದೆಂದು ಶುರು ಮಾಡಿದರೆ 800 ಜೌಲ್ ತುಂಡನ್ನು 40 ಮೀಟರ್ ಮೇಲಕ್ಕೆ ಎತ್ತಬೇಕು! ನಿಜಕ್ಕೂ ಅದು ಏರುವುದು 20 ಸೆಂ.ಮೀ. ಸರಿಯಾದ ದಾರಿಯಲ್ಲಿ ಎರಡು ಹಂತಗಳಿವೆ. ಗುಂಡು ಹೂಳುವ ಕ್ಷಣದಲ್ಲಿ ಸಂವೇಗ ಉಳಿಯುತ್ತದೆ: 4 ಅಳತೆ, 2 ಕೆ.ಜಿ., ವೇಗ ಸೆಕೆಂಡಿಗೆ 2 ಮೀಟರ್, ಶಕ್ತಿ 4 ಜೌಲ್. ಆಮೇಲೆ ಓಲಾಡುವಾಗ ಹಗ್ಗವೂ ಗುರುತ್ವವೂ ಸಂವೇಗವನ್ನು ಬದಲಿಸುತ್ತಿರುತ್ತವೆ, ಅಲ್ಲಿ ಉಳಿಯುವುದು ಶಕ್ತಿ: 4 ಜೌಲಿಗೆ ಸುಮಾರು 20 ಸೆಂ.ಮೀ. ಮೊದಲ ಹಂತಕ್ಕೆ ಶಕ್ತಿಯ ಖಾತೆ, ಎರಡನೆಯದಕ್ಕೆ ಸಂವೇಗದ ಖಾತೆ ತೆರೆದವರ ಉತ್ತರ ನೂರಾರು ಪಟ್ಟು ತಪ್ಪಾಗಬಹುದು.

796 ಜೌಲ್ ಹೋಯಿತು, ಸಂವೇಗ ಮಾತ್ರ ಒಂದಿಷ್ಟೂ ಹೋಗಲಿಲ್ಲ. ಇದು ಯಾಕೆ ಹೀಗೆ? ಮರದ ಅಣುಗಳು ಈಗ ಮೊದಲಿಗಿಂತ ಜೋರಾಗಿ ಅಡ್ಡಾದಿಡ್ಡಿ ಕಂಪಿಸುತ್ತಿವೆ. ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮೇಲಕ್ಕೆ. ಆ ಕಂಪನದ ಸಂವೇಗಗಳಿಗೆ ದಿಕ್ಕಿರುವುದರಿಂದ ಅವು ಒಂದನ್ನೊಂದು ಕಳೆದು ಒಟ್ಟು ಸೊನ್ನೆಯಾಗುತ್ತವೆ. ಚಲನ ಶಕ್ತಿಗಳಲ್ಲಿ ವೇಗದ ವರ್ಗವಿದೆ, ವರ್ಗ ಎಂದೂ ಋಣವಾಗದು, ಆದ್ದರಿಂದ ಅವು ಕೂಡುತ್ತಲೇ ಹೋಗುತ್ತವೆ. ಕೋಟ್ಯಂತರ ಅಣುಗಳ ಗಡಿಬಿಡಿಯಲ್ಲಿ ಶಕ್ತಿಗೆ ಬೇಕಾದಷ್ಟು ಜಾಗವಿದೆ, ಸಂವೇಗಕ್ಕೆ ಜಾಗವೇ ಇಲ್ಲ. ಹಾಗಾಗಿ ಸಂವೇಗ ಯಾವಾಗಲೂ ಕಣ್ಣಿಗೆ ಕಾಣುವ ಇಡಿಯ ಚಲನೆಯಲ್ಲೇ ಉಳಿಯಬೇಕು. 1918ರಲ್ಲಿ ಜರ್ಮನ್ ಗಣಿತಜ್ಞೆ ಎಮ್ಮಿ ನೋಥರ್ ಇವೆರಡರ ಬೇರು ತೋರಿಸಿದರು: ನಿಯಮಗಳು ಎಲ್ಲ ಜಾಗದಲ್ಲೂ ಒಂದೇ ಆಗಿರುವುದರಿಂದ ಸಂವೇಗ ಉಳಿಯುತ್ತದೆ, ಎಲ್ಲ ಕಾಲದಲ್ಲೂ ಒಂದೇ ಆಗಿರುವುದರಿಂದ ಶಕ್ತಿ ಉಳಿಯುತ್ತದೆ.

ಸಂವೇಗ ಉಳಿಯುತ್ತದೆ ಎಂಬುದು ಹದಿನೇಳನೇ ಶತಮಾನದಲ್ಲೇ ಗೊತ್ತಾಯಿತು, ಶಕ್ತಿಯದು ಹತ್ತೊಂಬತ್ತನೆಯದರ ನಡುವಿನವರೆಗೂ ಕಾಯಬೇಕಾಯಿತು. ಅಡಗಿದ ಶಕ್ತಿ ಥರ್ಮಾಮೀಟರಿಗೆ ಸಿಗುವುದು ಅಷ್ಟು ಕಡಿಮೆ. 1840ರ ದಶಕದಲ್ಲಿ ಇಂಗ್ಲಿಷ್ ವಿಜ್ಞಾನಿ ಜೇಮ್ಸ್ ಜೌಲ್ ಬೀಳುವ ತೂಕಗಳಿಂದ ನೀರಿನೊಳಗೆ ಹುಟ್ಟು ತಿರುಗಿಸಿ, ಡಿಗ್ರಿಯ ಸಣ್ಣ ಸಣ್ಣ ಭಾಗಗಳನ್ನು ತಾಳ್ಮೆಯಿಂದ ಅಳೆದ. ಒಂದು ಕೆ.ಜಿ. ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4186 ಜೌಲ್ ಬೇಕು. ಅಂದರೆ ಆ ನೀರು 427 ಮೀಟರ್ ಎತ್ತರದಿಂದ ಬಿದ್ದು, ಆ ಶಕ್ತಿಯೆಲ್ಲ ಅದರಲ್ಲೇ ಉಳಿದರೆ ಒಂದೇ ಒಂದು ಡಿಗ್ರಿ. ರಾಬಿನ್ಸನ ಮಾದರಿಯ ಆ ಮರದ ತುಂಡಿನಲ್ಲಿ 796 ಜೌಲ್ ಸಮವಾಗಿ ಹರಡಿಕೊಂಡರೆ ಅದು ಬಿಸಿಯಾಗುವುದು ಕಾಲು ಡಿಗ್ರಿಯಷ್ಟು. ಲೈಡನ್ನಿನ ಮಣ್ಣಿನಲ್ಲಿ ಸೇರಿದ 29.4 ಜೌಲಿನ ಪಾಲಿಗೆ ಡಿಗ್ರಿಯ ನೂರರಲ್ಲಿ ಒಂದೆರಡು ಭಾಗ ಬರಬಹುದು, 1722ರಲ್ಲಿ ಅದನ್ನು ಹುಡುಕಬೇಕೆಂದು ಯಾರಿಗೂ ತೋಚುವ ಹಾಗೆಯೇ ಇರಲಿಲ್ಲ.